ತಂತಿ ಮುಗಿಸಿಕೊಡದ ಕೆಲಸ: ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್‌ಗಳನ್ನು ನುಣುಪು ಮಾಡುವುದು

(ಗಿಟಾರ್ ರಿಪೇರಿ ಕಲಿಯುತ್ತಿರುವವರಿಗೆ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ಫ್ರೆಟ್ ಅಂದರೆ ಗಿಟಾರ್‌ನ ಕತ್ತಿನ (ನೆಕ್‌ನ) ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ. ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ ಇರುವ ಗಿಟಾರ್ ಕೈಗೆ ಬಂದರೆ, ಎರಡನೇ ತಂತಿಯನ್ನು ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿಕೊಂಡು, ಮೀಟದೆ, ನಿಧಾನವಾಗಿ ಬೆಂಡ್ ಮಾಡಿ, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ. ಪಾಲಿಶ್ ಸರಿಯಾಗಿದ್ದರೆ ತಂತಿ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಸರಿಯಿಲ್ಲದಿದ್ದರೆ ಬೆರಳಿಗೆ ತರಿತರಿಯಾಗಿ ತಗಲುತ್ತದೆ. ಕಿವಿ ಹತ್ತಿರ ತಂದರೆ ಕರಕರ ಸದ್ದೂ ಕೇಳುತ್ತದೆ. ತಮಾಷೆ ಏನೆಂದರೆ, ಎಷ್ಟೋ ಸಲ ಆ ಫ್ರೆಟ್ ಕಣ್ಣಿಗೆ ಫಳಫಳ ಹೊಳೆಯುತ್ತಲೇ ಇರುತ್ತದೆ. ಗೀರುಗಳ ಏಣು ಹೊಳೆದರೂ ಗೀರಿನ ತಳ ಹಾಗೇ ಉಳಿದಿರುತ್ತದೆ. ಇವತ್ತಿನ ಮಾತೆಲ್ಲ ಆ ತಳದ ಬಗ್ಗೆ.

ಹಳೆಯ ಬಗೆಯ ಫ್ರೆಟ್‌ನ ಲೋಹಕ್ಕೆ ನಿಕಲ್ ಸಿಲ್ವರ್ ಅಂತ ಹೆಸರು. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ಸತು, ನಿಕಲ್ ಸೇರಿದ ಮಿಶ್ರಲೋಹ ಅದು, ನಿಕಲ್ ಸಾಮಾನ್ಯವಾಗಿ ಶೇಕಡಾ 18ರ ಆಸುಪಾಸು. ಗಿಟಾರ್‌ನ ಉಕ್ಕಿನ ತಂತಿಗಿಂತ ಅದು ಮೆತ್ತಗೆ. ಹಾಗಾಗಿ ನೀವು ಪಾಲಿಶ್‌ನಲ್ಲಿ ಸ್ವಲ್ಪ ಸೋಮಾರಿತನ ಮಾಡಿದರೂ, ಕೆಲವು ವಾರ ನುಡಿಸುವಷ್ಟರಲ್ಲಿ ತಂತಿಯೇ ಉಜ್ಜಿ ಉಜ್ಜಿ ಆ ಫ್ರೆಟ್ಟನ್ನು ನಯ ಮಾಡಿಬಿಡುತ್ತದೆ. ಉಳಿದ ಕೆಲಸವನ್ನು ತಂತಿ ಮುಗಿಸಿಕೊಡುತ್ತದೆ ಅನ್ನಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಆ ಉಪಕಾರ ಇಲ್ಲ. ಸವೆಯದೆ ಇರಲಿ ಅಂತಲೇ ತಾನೇ ಅದನ್ನು ಹಾಕಿಸುವುದು? ಸವೆಯದ ಲೋಹ ನೀವು ಬಿಟ್ಟ ಗೀರನ್ನೂ ಅಷ್ಟೇ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಇವತ್ತು ಬಿಟ್ಟ 400 ಗ್ರಿಟ್‌ನ (ಗ್ರಿಟ್ ಅಂದರೆ ಉಜ್ಜುವ ಪೇಪರಿನ ಒರಟಿನ ಅಂಕಿ, ಅಂಕಿ ಹೆಚ್ಚಿದಷ್ಟೂ ನುಣುಪು) ಗೀರು ವರ್ಷಗಟ್ಟಲೆ ಕಳೆದರೂ ಅಲ್ಲೇ ಇರುತ್ತದೆ.

ಕೈ ಹಾಕುವ ಮೊದಲು ಎರಡು ಸಂಗತಿ ಖಚಿತ ಮಾಡಿಕೊಳ್ಳಿ. ಒಂದು, ಇದು ನಿಜಕ್ಕೂ ಸ್ಟೇನ್‌ಲೆಸ್ ಹೌದಾ? ಹಗಲು ಬೆಳಕಿನಲ್ಲಿ ನಿಕಲ್ ಸಿಲ್ವರ್‌ಗೆ ತೀರಾ ತೆಳುವಾದ ಹಳದಿ ಛಾಯೆ ಇರುತ್ತದೆ, ಸ್ಟೀಲ್ ತಣ್ಣನೆಯ ನೀಲಿ ಮಿಶ್ರಿತ ಬಿಳಿ. ಆಯಸ್ಕಾಂತದ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಕ್ರೋಮಿಯಂ, ನಿಕಲ್ ಎರಡೂ ಇರುವ ಬಗೆಯ ಸ್ಟೇನ್‌ಲೆಸ್ ಮೂಲತಃ ಆಯಸ್ಕಾಂತಕ್ಕೆ ಅಂಟುವುದಿಲ್ಲ. ತಣ್ಣಗಿರುವಾಗಲೇ ಎಳೆದು, ಒತ್ತಿ ರೂಪ ಕೊಟ್ಟಾಗ ಸ್ವಲ್ಪ ಅಂಟುವ ಗುಣ ಬಂದುಬಿಡುತ್ತದೆ. ಎರಡು, ಆ ಕರಕರ ಫ್ರೆಟ್‌ನದೇ ಹೌದಾ? ತುಕ್ಕು ಹಿಡಿದ ಹಳೆಯ ತಂತಿ, ಒಣಗಿದ ಬೆವರಿನ ಕೊಳೆ ಎರಡೂ ಇದೇ ಅನುಭವ ಕೊಡುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಫ್ರೆಟ್ಟಿನ ತಲೆ ಮಾತ್ರ ಒರೆಸಿ, ಹೊಸ ತಂತಿ ಹಾಕಿ, ಮತ್ತೆ ನೋಡಿ. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿದರೂ ಇಳಿಯಬಹುದು.

ಈಗ ಬೆಳಕು. ಕೋಣೆಯ ದೀಪ ಆರಿಸಿ, ಒಂದೇ ಒಂದು ಟೇಬಲ್ ಲ್ಯಾಂಪನ್ನು ನೆಕ್‌ನ ಪಕ್ಕದಿಂದ, ತೀರಾ ಓರೆಯಾಗಿ ಬೀಳುವ ಹಾಗೆ ಇಡಿ. ಕೈಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಇರಲಿ. ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಈ ನೋಟವೇ ಹೇಳುತ್ತದೆ. ಬರಿಗಣ್ಣಿಗೇ ಗೀರು ಕಂಡರೆ 400ರಿಂದ ಶುರು. ಲೂಪ್‌ನಲ್ಲಿ ಮಾತ್ರ ಕಂಡರೆ 800 ಅಥವಾ 1000 ಸಾಕು. ಪ್ರತಿ ಸಲವೂ ಒರಟಿನಿಂದಲೇ ಶುರು ಮಾಡುವ ಚಟ ಒಳ್ಳೆಯದಲ್ಲ. ಇಲ್ಲದ ಗೀರನ್ನು ನೀವೇ ಹಾಕಿ, ನೀವೇ ತೆಗೆಯುವುದು ಯಾವ ಸುಖಕ್ಕೆ?

ಮುಚ್ಚುವ ಕೆಲಸಕ್ಕೆ ಸಮಯ ಕೊಡಿ. ಫ್ರೆಟ್‌ನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಎರಡೆರಡು ಪದರ, ಲೋಹದ ಅಂಚಿಗೆ ಒತ್ತಿ ಕೂರಬೇಕು. ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ ನಟ್, ಬಾಡಿಯ ಮೇಲೆ ಕೂರುವ ಕುದುರೆ ಬ್ರಿಜ್, ಇವೆರಡರ ನಡುವಿನ ತಂತಿಯ ಉದ್ದ ಸ್ಕೇಲ್. 648 ಮಿಲಿಮೀಟರ್ ಸ್ಕೇಲ್ ಇರುವ ಗಿಟಾರ್‌ನಲ್ಲಿ ನಟ್‌ನಿಂದ ಮೊದಲ ಫ್ರೆಟ್‌ಗೆ 36 ಮಿಲಿಮೀಟರ್ ಅಂತರ ಇದ್ದರೆ, 21 ಮತ್ತು 22ನೇ ಫ್ರೆಟ್‌ಗಳ ನಡುವೆ ಸುಮಾರು 11 ಮಾತ್ರ. ಟೇಪನ್ನು ಬಾಡಿ ಕಡೆಯ ತುದಿಯಿಂದ, ಇಕ್ಕಟ್ಟಾದ ಕಡೆಯಿಂದ ಹಚ್ಚುತ್ತಾ ಬನ್ನಿ. ಮೇಪಲ್ ಫ್ರೆಟ್‌ಬೋರ್ಡ್‌ಗೆ ಲ್ಯಾಕರ್ ಬಳಿದಿದ್ದರೆ ಅಂಟು ಕಡಿಮೆ ಇರುವ ಟೇಪನ್ನೇ ಬಳಸಿ, ಕೀಳುವಾಗ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ಹಳೆಯ ಲ್ಯಾಕರ್ ಟೇಪಿನ ಜೊತೆಗೇ ಎದ್ದು ಬರುತ್ತದೆ, ಅದನ್ನು ಸರಿಪಡಿಸುವುದು ಫ್ರೆಟ್ ಕೆಲಸಕ್ಕಿಂತ ದೊಡ್ಡ ರಾಮಾಯಣ. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳ ಮೇಲೆ ಟೇಪ್, ಬಾಡಿಯ ಮೇಲೆ ಬಟ್ಟೆ ಇರಲೇಬೇಕು. ಪಿಕಪ್‌ನ ಆಯಸ್ಕಾಂತಕ್ಕೆ ಲೋಹದ ಪುಡಿ ಹಿಡಿದುಕೊಂಡರೆ ಬಿಡಿಸುವುದು ಕಷ್ಟ. ನಿಮ್ಮ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಏಳುವ ಧೂಳಿನಲ್ಲಿ ಕ್ರೋಮಿಯಂ, ನಿಕಲ್ ಎರಡೂ ಇರುತ್ತವೆ.

ಅರ ಬಿಟ್ಟು ಹೋದ ಗೀರು

ಬರೀ ಪಾಲಿಶ್ ಸಾಕಾಗದೆ, ಫ್ರೆಟ್‌ಗಳ ಎತ್ತರ ಸಮ ಮಾಡಬೇಕಾದ ಸಂದರ್ಭವೂ ಬರುತ್ತದೆ. ಅದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ತಂತಿ ತೆಗೆದ ಮೇಲೆ ನೆಕ್ ಒಳಗಿನ ಸರಳನ್ನು (ಟ್ರಸ್ ರಾಡ್) ತಿರುಗಿಸಿ ನೆಕ್ ಪೂರ್ತಿ ನೇರ ಮಾಡಿಕೊಳ್ಳಿ. ಫ್ರೆಟ್‌ಗಳ ಜಾಗಕ್ಕೆ ಕಚ್ಚು ಮಾಡಿದ ನೇರಪಟ್ಟಿಯನ್ನು ಮರದ ಮೇಲೇ ಕೂರಿಸಿ ನೋಡಬೇಕು. ಮೂರು ಫ್ರೆಟ್‌ಗಳ ಮೇಲೆ ಕೂರುವ ಸಣ್ಣ ಪಟ್ಟಿ ಇಟ್ಟು, ಅಲುಗಾಡಿದ ಕಡೆ ನಡುವಿನ ಫ್ರೆಟ್‌ಗೆ ಗುರುತು ಹಾಕಿ. ಆ ಫ್ರೆಟ್ ಎದ್ದಿದ್ದರೆ ಮೊದಲು ಒತ್ತಿ ಕೂರಿಸುವುದನ್ನು ನೋಡಿ, ಆಮೇಲೆ ಉಜ್ಜುವ ಮಾತು. ಸ್ಟೇನ್‌ಲೆಸ್‌ನಲ್ಲಿ ಸಮ ಮಾಡುವುದು ಆದಷ್ಟು ಕಡಿಮೆ ಇರಲಿ ಅನ್ನುವುದಕ್ಕೆ ಕಾರಣ ಇದೆ. ಕಾರ್ಖಾನೆಯಲ್ಲಿ ಎಳೆದ ಫ್ರೆಟ್‌ನ ದುಂಡು ತಲೆಯೇ ನಮಗೆ ಸಿಗುವ ಅತ್ಯುತ್ತಮ ಆಕಾರ, ಅತ್ಯುತ್ತಮ ನುಣುಪು. ಅದನ್ನು ಕೆಡಿಸಿದ ಕ್ಷಣದಿಂದ ಸಾಲ ತೀರಿಸುವ ಕೆಲಸ ಶುರು.

ಸಮ ಮಾಡಿದ ಮೇಲೆ ಫ್ರೆಟ್ ತಲೆ ಚಪ್ಪಟೆಯಾಗಿರುತ್ತದೆ. ಹಾಗೇ ಬಿಟ್ಟರೆ ತಂತಿ ಆ ಚಪ್ಪಟೆ ಜಾಗದ ಬ್ರಿಜ್ ಕಡೆಯ ಅಂಚಿನಿಂದ ಕಂಪಿಸುತ್ತದೆ, ನಡುಗೆರೆಯಿಂದಲ್ಲ. ಲೆಕ್ಕ ಹಾಕಿ ನೋಡಿ. 648 ಮಿಲಿಮೀಟರ್ ಸ್ಕೇಲ್‌ನಲ್ಲಿ ಹನ್ನೆರಡನೇ ಫ್ರೆಟ್‌ನಿಂದ ಬ್ರಿಜ್‌ಗೆ 324 ಮಿಲಿಮೀಟರ್. ಸ್ಪರ್ಶದ ಜಾಗ ಅರ್ಧ ಮಿಲಿಮೀಟರ್ ಮುಂದೆ ಸರಿದರೆ ಸ್ವರ ಸುಮಾರು 2.7 ಸೆಂಟ್ ಏರುತ್ತದೆ (ಪಕ್ಕಪಕ್ಕದ ಎರಡು ಫ್ರೆಟ್‌ಗಳ ಸ್ವರದ ಅಂತರದ ನೂರನೇ ಒಂದು ಭಾಗವೇ ಸೆಂಟ್). ಅದೇ ಅರ್ಧ ಮಿಲಿಮೀಟರ್ 22ನೇ ಫ್ರೆಟ್‌ನಲ್ಲಿ 4.8 ಸೆಂಟ್‌ನ ಹತ್ತಿರ. ಜೊತೆಗೆ, ಅಗಲವಾದ ಲೋಹದ ಮೇಲೆ ತಂತಿ ಸವರಿಕೊಂಡು ಝೇಂಕರಿಸುವ ಸದ್ದು ಬರಬಹುದು. ಸಿತಾರ್, ತಂಬೂರಿಗಳ ಕುದುರೆಯಲ್ಲಿ ಅದನ್ನು ಬೇಕೆಂದೇ ಮಾಡುತ್ತಾರೆ, ಗಿಟಾರ್‌ನಲ್ಲಿ ಅದು ದೋಷ.

ತಲೆಗೆ ಮತ್ತೆ ದುಂಡು ಕೊಡಲು ಒಳಬಾಗಿದ ಡೈಮಂಡ್ ಅರ ಬಳಸುತ್ತೇವೆ, ಸಾಮಾನ್ಯವಾಗಿ 300 ಗ್ರಿಟ್‌ನದು. ಫ್ರೆಟ್ ತಲೆಗೆ ಉದ್ದಕ್ಕೂ ಮಾರ್ಕರ್ ಬಳಿದು, ನಡುವೆ ತೆಳುವಾದ, ಅಂದಾಜು 0.3 ಮಿಲಿಮೀಟರ್‌ನ ಗೆರೆ ಉಳಿಯುವವರೆಗೆ ಉಜ್ಜಿ ಅಲ್ಲಿಗೆ ನಿಲ್ಲಿಸಿ. ಆ ಗೆರೆಯೂ ಹೋದರೆ ಎತ್ತರ ಕಡಿಮೆಯಾಯಿತು, ಸಮ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಇಲ್ಲಿ ಒಂದು ಗಳಿಗೆ ನಿಲ್ಲೋಣ, ಯಾಕೆಂದರೆ ಕೊನೆಯಲ್ಲಿ ಕಾಡುವ ಗೀರುಗಳು ಹುಟ್ಟುವುದು ಬಹುಪಾಲು ಇಲ್ಲೇ. ಡೈಮಂಡ್ ಅರ ಅಂದರೆ ಲೋಹದ ಹಾಳೆಯ ಮೇಲೆ ನಿಕಲ್ ಲೇಪನದಲ್ಲಿ ಹೂತಿಟ್ಟ ವಜ್ರದ ಹರಳುಗಳು. ಎಲ್ಲ ಹರಳೂ ಒಂದೇ ಎತ್ತರಕ್ಕೆ ಕೂತಿರುವುದಿಲ್ಲ. ಹೊಸ ಅರದಲ್ಲಿ ಒಂದೆರಡು ಹರಳು ಉಳಿದವಕ್ಕಿಂತ ಮೇಲೆ ಚಾಚಿಕೊಂಡಿರುತ್ತವೆ. ಸುತ್ತಲಿನ ಗೀರುಗಳೆಲ್ಲ ಒಂದು ಆಳಕ್ಕಿದ್ದರೆ ಆ ಹರಳಿನ ಗೀರು ಅದರ ಎರಡು ಪಟ್ಟು ಆಳ. 400ರಲ್ಲಿ ಉಜ್ಜಿದಾಗ ಎಲ್ಲ ಹೋದಂತೆ ಕಾಣುತ್ತದೆ. 1500ಕ್ಕೆ ಬಂದಾಗ ಫ್ರೆಟ್‌ನ ಉದ್ದಕ್ಕೂ ಒಂಟಿ ಗೆರೆಯೊಂದು ಎದ್ದು ಬರುತ್ತದೆ, ಹೊಸ ಕಾರಿನ ಮೇಲೆ ಕೀಲಿಯಿಂದ ಗೀಚಿದ ಹಾಗೆ. ಹಾಗಾಗಿ ಹೊಸ ಡೈಮಂಡ್ ಅರವನ್ನು ಮೊದಲು ಬೇಡದ ಫ್ರೆಟ್ ತುಂಡಿನ ಮೇಲೆ ಒಂದಷ್ಟು ಹೊತ್ತು ಉಜ್ಜಿ ಪಳಗಿಸಿ. ದುಂಡು ಕೊಡುವ ಕೊನೆಯ ನಾಲ್ಕೈದು ಎಳೆತಗಳಲ್ಲಿ ಕೈಭಾರ ಪೂರ್ತಿ ಬಿಟ್ಟು, ಅರದ ತೂಕ ಮಾತ್ರ ಬೀಳಲಿ.

ಇನ್ನೊಂದು ಗುಣವೂ ಗೊತ್ತಿರಬೇಕು. ಈ ಬಗೆಯ ಸ್ಟೀಲ್ ಪೆಟ್ಟು ತಿಂದಷ್ಟೂ, ಉಜ್ಜಿಸಿಕೊಂಡಷ್ಟೂ ಮೇಲ್ಮೈಯಲ್ಲಿ ಗಟ್ಟಿಯಾಗುತ್ತದೆ. ಮೊಂಡಾದ ಅರವಾಗಲಿ, ಸವೆದ ಪೇಪರ್ ಆಗಲಿ ಲೋಹವನ್ನು ಕತ್ತರಿಸುವುದಿಲ್ಲ, ಸವರುತ್ತದೆ. ಸವರಿದ ಮೇಲ್ಮೈ ಇನ್ನೂ ಗಟ್ಟಿಯಾಗಿ ಮುಂದಿನ ಪೇಪರ್‌ಗೂ ಸತಾಯಿಸುತ್ತದೆ. ಕೈಗೆ ಗಂಟು ಬಿದ್ದರೂ ಪುಡಿ ಬೀಳುತ್ತಿಲ್ಲ ಅಂದರೆ ಜೋರಾಗಿ ಒತ್ತಬೇಡಿ, ಪೇಪರ್ ಬದಲಿಸಿ. ಪೇಪರ್ ಉಳಿಸುವುದು ಈ ಕೆಲಸದಲ್ಲಿ ಉಳಿತಾಯವೇ ಅಲ್ಲ. 400ರಲ್ಲಿ ಮೂರು ನಾಲ್ಕು ಫ್ರೆಟ್‌ಗೊಮ್ಮೆ ಹೊಸ ಮುಖಕ್ಕೆ ತಿರುಗಿಸಿ.

ಗ್ರಿಟ್‌ಗಳ ಮೆಟ್ಟಿಲು

ಪಾಲಿಶ್ ಅಂದರೆ ಗೀರು ಅಳಿಸುವುದಲ್ಲ. ದೊಡ್ಡ ಗೀರಿನ ಜಾಗಕ್ಕೆ ಸಣ್ಣ ಗೀರನ್ನು ತಂದು ಕೂರಿಸುವುದು, ಅದರ ಜಾಗಕ್ಕೆ ಇನ್ನೂ ಸಣ್ಣದನ್ನು. ಪಿ400 ಪೇಪರ್‌ನ ಕಣ ಸರಾಸರಿ 35 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), ಪಿ600ರದು 26, ಪಿ800ರದು 22, ಪಿ1000ದ್ದು 18, ಪಿ1500ರದು 12.6, ಪಿ2000ದ್ದು 10. ಮೆಟ್ಟಿಲು ಹತ್ತಿರ ಹತ್ತಿರ ಇವೆ, ಇಳಿಯುವುದು ಸಲೀಸು. 400ರಿಂದ ನೇರ 2000ಕ್ಕೆ ಹಾರಿದರೆ ಹತ್ತು ಮೈಕ್ರಾನ್ ಕಣಗಳಿಂದ 35 ಮೈಕ್ರಾನ್ ಕಣದ ಗೀರಿನ ತಳ ಮುಟ್ಟಬೇಕು. ಗಂಟೆಗಟ್ಟಲೆ ಉಜ್ಜಿದರೂ ಆಗುವುದು ಏನೆಂದರೆ, ಗೀರಿನ ಏಣುಗಳು ದುಂಡಾಗಿ ಹೊಳೆಯುತ್ತವೆ, ತಳ ಅಲ್ಲೇ ಇರುತ್ತದೆ. ಮೊದಲು ಹೇಳಿದೆನಲ್ಲ, ಹೊಳೆಯುತ್ತಲೇ ಕರಕರ ಅನ್ನುವ ಫ್ರೆಟ್, ಅದು ಹುಟ್ಟುವುದು ಹೀಗೆ.

ಪೇಪರ್ ಹಿಂಬದಿಯ ಅಂಕಿಯನ್ನು ಓದುವಾಗ ಒಂದು ಮೋಸ ಇದೆ. ಅಂಕಿಯ ಮುಂದೆ ‘ಪಿ’ ಅಕ್ಷರ ಇದ್ದರೆ ಅದು ಯುರೋಪಿನ ಅಳತೆ. ಅಕ್ಷರ ಇಲ್ಲದ ಬರೀ ಅಂಕಿ ಅಮೆರಿಕದ ಅಳತೆ ಆಗಿರಬಹುದು. ಅಮೆರಿಕದ 600 ಅಂದರೆ 16 ಮೈಕ್ರಾನ್, ಹೆಚ್ಚುಕಡಿಮೆ ಪಿ1200ಕ್ಕೆ ಸಮ. ಅದನ್ನು ಉಜ್ಜಿ, ಆಮೇಲೆ ಪಿ800 ಹಿಡಿದರೆ ನೀವು ಮುಂದೆ ಹೋಗುತ್ತಿಲ್ಲ, ಹಿಂದಕ್ಕೆ ಬರುತ್ತಿದ್ದೀರಿ. ಬಟ್ಟೆಯ ಮೇಲೆ ಮೆತ್ತೆ ಹಾಕಿ ಮಾಡಿದ ಮೈಕ್ರೋ-ಮೆಶ್‌ನ ಅಂಕಿಗಳಂತೂ ಬೇರೆಯದೇ ಲೆಕ್ಕ. ಅದರ 1500, ಪಿ1500ಕ್ಕಿಂತ ಎಷ್ಟೋ ಒರಟು. ಒಂದೇ ಅಳತೆಯ ಒಂದು ಸೆಟ್ ಇಟ್ಟುಕೊಂಡು ಅದರಲ್ಲೇ ಮುಗಿಸುವುದು ಕ್ಷೇಮ.

ಈಗ ಕೈ ಹೇಗೆ ಓಡಬೇಕು ಅನ್ನುವುದು. ಬೆಂಡ್ ಮಾಡಿದಾಗ ತಂತಿ ಫ್ರೆಟ್‌ನ ಉದ್ದಕ್ಕೆ ಜಾರುತ್ತದೆ. ಗೀರು ಅದೇ ದಿಕ್ಕಿನಲ್ಲಿದ್ದರೆ ತಂತಿ ಅದರ ಜೊತೆಗೇ ಸಾಗುತ್ತದೆ. ಅಡ್ಡಕ್ಕಿದ್ದರೆ ಪ್ರತಿ ಗೀರನ್ನೂ ಹತ್ತಿ ಇಳಿಯಬೇಕು. ಕರಕರ ಸದ್ದು ಅದೇ. ಆದ್ದರಿಂದ ಕೊನೆಯ ಎರಡು ಮೂರು ಗ್ರಿಟ್‌ಗಳ ಓಟ ಫ್ರೆಟ್‌ನ ಉದ್ದಕ್ಕೇ ಇರಬೇಕು. ನಡುವಿನ ಗ್ರಿಟ್‌ಗಳಲ್ಲಿ ಮಾತ್ರ ದಿಕ್ಕು ಬದಲಿಸುವುದರಿಂದ ಒಂದು ಉಪಯೋಗ ಇದೆ. 400ರಲ್ಲಿ ಉದ್ದಕ್ಕೆ ಉಜ್ಜಿ, 600ರಲ್ಲಿ ನೆಕ್‌ನ ದಿಕ್ಕಿಗೆ ಸಣ್ಣ ಸಣ್ಣ ಎಳೆತ ಹಾಕಿ. ಲೂಪ್‌ನಲ್ಲಿ ನೋಡಿದಾಗ ಉದ್ದದ ಗೀರು ಒಂದಾದರೂ ಕಂಡರೆ ಅದು 400ರ ಬಾಕಿ. ಎಲ್ಲ ಅಡ್ಡ ಗೀರೇ ಆದರೆ 600 ತನ್ನ ಕೆಲಸ ಮುಗಿಸಿದೆ. 800ರಲ್ಲಿ ಮತ್ತೆ ಉದ್ದಕ್ಕೆ ಬನ್ನಿ, ಈಗ ಅಡ್ಡ ಗೀರು ಪೂರ್ತಿ ಮಾಯವಾಗಬೇಕು. ಎಳೆತ ಎಷ್ಟು ಅಂತ ಎಣಿಸಿಕೊಂಡು ಕೂರುವುದಕ್ಕಿಂತ ಈ ಲೆಕ್ಕವೇ ವಾಸಿ.

ಪೇಪರ್ ಹಿಂದೆ ಏನು ಇಡುತ್ತೀರಿ ಅನ್ನುವುದೂ ಮುಖ್ಯ. ಗಟ್ಟಿ ಮರದ ತುಂಡು ಇಟ್ಟರೆ ದುಂಡು ತಲೆ ಮತ್ತೆ ಚಪ್ಪಟೆಯಾಗುತ್ತದೆ. ತೀರಾ ಮೆತ್ತಗಿನ ಸ್ಪಂಜ್ ಇಟ್ಟರೆ ಒತ್ತಡ ಹರಡಿಹೋಗಿ ಪೇಪರ್ ಕೊರೆಯುವುದೇ ಇಲ್ಲ. ಅಕ್ಷರ ಅಳಿಸುವ ರಬ್ಬರ್‌ನಷ್ಟು ಬಿಗಿ ಇರುವ ತುಂಡಿಗೆ ಫ್ರೆಟ್ ಕೂರುವಷ್ಟು ಕಚ್ಚು ಮಾಡಿಕೊಂಡರೆ ಒರಟು ಗ್ರಿಟ್‌ಗಳಿಗೆ ಸರಿಹೋಗುತ್ತದೆ. 1000ದ ನಂತರ ತೋರುಬೆರಳೇ ಸಾಕು.

ಒಂದು ಫ್ರೆಟ್ಟನ್ನು 400ರಿಂದ 2000ದವರೆಗೆ ಮುಗಿಸಿ ಮುಂದಿನದಕ್ಕೆ ಹೋಗಬೇಡಿ. 22 ಫ್ರೆಟ್‌ಗೂ 400, ಆಮೇಲೆ 22ಕ್ಕೂ 600, ಹೀಗೆ ನಡೆಯಲಿ. ಪ್ರತಿ ಗ್ರಿಟ್ ನಡುವೆ ಬ್ರಷ್‌ನಿಂದ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಕೈ, ಮೇಜು, ಟೇಪ್ ಎಲ್ಲ ಒರೆಸಿ. 400ರ ಒಂದೇ ಒಂದು ಕಣ 1500ರ ಪೇಪರ್ ಕೆಳಗೆ ಸಿಕ್ಕಿಕೊಂಡರೆ ಮಾಡಿದ್ದೆಲ್ಲ ಮೊದಲಿಗೆ ಬಂತು. 22 ಫ್ರೆಟ್, ಆರು ಗ್ರಿಟ್, ಒಟ್ಟು 132 ಸಲ. ಸಲಕ್ಕೆ ಎರಡು ನಿಮಿಷ ಹಿಡಿದರೂ ನಾಲ್ಕು ಗಂಟೆ 24 ನಿಮಿಷ. ಇದರಲ್ಲಿ ಹೆಚ್ಚು ಹೊತ್ತು 400 ಮತ್ತು 600ಕ್ಕೇ ಹೋಗಬೇಕು. ಅಲ್ಲಿ ಆತುರಪಟ್ಟವರು 2000ದಲ್ಲಿ ಕೂತು ಬೆವರು ಸುರಿಸುತ್ತಾರೆ.

ಸ್ಟೀಲ್ ವುಲ್ ಬಗ್ಗೆ ಒಂದು ಮಾತು. ನಿಕಲ್ ಸಿಲ್ವರ್ ಫ್ರೆಟ್‌ಗೆ 0000 ಸ್ಟೀಲ್ ವುಲ್ ಉಜ್ಜುವ ರೂಢಿ ಇದೆ. ಸ್ಟೇನ್‌ಲೆಸ್ ಮೇಲೆ ಅದು ಹೆಚ್ಚೇನೂ ಕೊರೆಯುವುದಿಲ್ಲ. ಬದಲಿಗೆ ಅದರ ಎಳೆಗಳು ಮುರಿದು ಪಿಕಪ್‌ಗೆ ಅಂಟುತ್ತವೆ, ಉದುರಿದ ಕಬ್ಬಿಣದ ಪುಡಿ ಫ್ರೆಟ್ ಮೇಲೆ ಉಳಿದು ತುಕ್ಕಿನ ಚುಕ್ಕೆ ಮೂಡಿಸುತ್ತದೆ. ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯಿತು ಅಂತ ಜನ ದೂರುವಾಗ ಆ ತುಕ್ಕು ಬೇರೆ ಕಬ್ಬಿಣದ್ದು ಆಗಿರುವುದೂ ಉಂಟು.

ಪೇಸ್ಟ್, ಚಕ್ರ, ಬಿಸಿ

2000 ಮುಗಿದ ಮೇಲೆ ಪಾಲಿಶ್ ಪೇಸ್ಟ್. ಹಸಿರು ಬಣ್ಣದ ಬಾರ್‌ನಲ್ಲಿ ಕ್ರೋಮಿಯಂ ಆಕ್ಸೈಡ್ ಇರುತ್ತದೆ, ಬಿಳಿಯದರಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್. ಎರಡೂ ಸ್ಟೇನ್‌ಲೆಸ್‌ಗೆ ನಡೆಯುತ್ತವೆ. ಕೆಂಪು ಬಾರ್ ಬೇಡ. ಅದರ ಕಬ್ಬಿಣದ ಆಕ್ಸೈಡ್ ಚಿನ್ನ, ಬೆಳ್ಳಿಗೆ ಒಪ್ಪುತ್ತದೆಯೇ ಹೊರತು ಸ್ಟೀಲ್ ಮೇಲೆ ಅದರ ಆಟ ನಡೆಯುವುದಿಲ್ಲ. ಡೈಮಂಡ್ ಪೇಸ್ಟ್ ಸಿಕ್ಕರೆ 3 ಮೈಕ್ರಾನ್, ಆಮೇಲೆ 1 ಮೈಕ್ರಾನ್. ತೊಗಲಿನ ಪಟ್ಟಿಗೆ ಗೋಧಿಕಾಳಿನಷ್ಟು ಹಚ್ಚಿ ಕೈಯಿಂದಲೇ ಉಜ್ಜಿದರೂ ಫ್ರೆಟ್‌ಗೆ ಅರ್ಧ ನಿಮಿಷ ಸಾಕು.

ಫೆಲ್ಟ್ ಚಕ್ರ ಹಾಕಿದ ಸಣ್ಣ ಯಂತ್ರ ಬಳಸುವವರು ವೇಗವನ್ನು ನಿಮಿಷಕ್ಕೆ 10,000 ಸುತ್ತಿನ ಒಳಗೇ ಇಡಿ, ಚಕ್ರ ಒಂದೇ ಕಡೆ ನಿಲ್ಲದಿರಲಿ. ಸ್ಟೇನ್‌ಲೆಸ್ ಶಾಖವನ್ನು ಬೇಗ ಹರಡುವುದಿಲ್ಲ, ನಿಕಲ್ ಸಿಲ್ವರ್‌ಗಿಂತ ತುಂಬ ಕಡಿಮೆ. ಚಕ್ರ ತಾಗಿದ ಜಾಗದಲ್ಲೇ ಬಿಸಿ ಕೂತುಬಿಡುತ್ತದೆ, ಅಲ್ಲಿಂದ ಕೆಳಗಿಳಿದು ಫ್ರೆಟ್ ಬುಡದ ಅಂಟನ್ನು ಸಡಿಲ ಮಾಡುತ್ತದೆ. ಬೆರಳಿಟ್ಟು ನೋಡಿ. ಇಡಲಾಗದಷ್ಟು ಬಿಸಿ ಇದ್ದರೆ ಆ ಫ್ರೆಟ್ ಬಿಟ್ಟು ನಾಲ್ಕು ಫ್ರೆಟ್ ಆಚೆ ಹೋಗಿ. ಲೋಹಕ್ಕೆ ಹುಲ್ಲಿನ ಹಳದಿ ಬಣ್ಣ ಬಂದಿದ್ದರೆ ತಾಪ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂತ ಅರ್ಥ. ಆ ಹೊತ್ತಿಗೆ ಕೆಳಗಿನ ಅಂಟು, ಮರ ಎರಡೂ ಕೆಟ್ಟಿರುತ್ತವೆ. ಇನ್ನೊಂದು ಎಚ್ಚರ: ಚಕ್ರದಿಂದ ಗೀರು ತೆಗೆಯಲು ಹೋಗಬೇಡಿ. ಚಕ್ರಕ್ಕೆ ಹೊಳಪು ಕೊಡಲಷ್ಟೇ ಬರುತ್ತದೆ. ಈ ಹಂತದಲ್ಲಿ ಒಂಟಿ ಗೆರೆ ಕಂಡರೆ ಆ ಒಂದು ಫ್ರೆಟ್ಟನ್ನು ಮತ್ತೆ 600ಕ್ಕೆ ಒಯ್ಯಿರಿ. ಗೆರೆ ಇರುವ ಜಾಗ ಮಾತ್ರ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ, ಉಜ್ಜುವುದಾದರೆ ಇಡೀ ಫ್ರೆಟ್‌ನ ಉದ್ದಕ್ಕೂ.

ತುದಿಗಳನ್ನು ಮರೆಯಬೇಡಿ. ಸ್ಟೇನ್‌ಲೆಸ್‌ನ ಚೂಪು ತುದಿ ಕೈ ತಾಗಿ ತಾಗಿ ಮೊಂಡಾಗುವುದಿಲ್ಲ, ಕೈಯನ್ನೇ ಕೊಯ್ಯುತ್ತದೆ. ಅಂಚು ನಯ ಮಾಡಿದ ಮೂರು ಮುಖದ ಅರದಿಂದ ಎರಡೂ ಮೂಲೆ ದುಂಡಗೆ ಮಾಡಿ, ಅಲ್ಲಿಗೂ ಅದೇ 400ರಿಂದ 2000ದ ದಾರಿ. ಪರೀಕ್ಷೆಗೆ ಒಂದು ಹಿಡಿ ಹತ್ತಿಯನ್ನು ನೆಕ್‌ನ ಅಂಚಿನ ಗುಂಟ ಮೇಲಿನಿಂದ ಕೆಳಗೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಕೆಲಸ ಬಾಕಿ.

ಟೇಪ್ ಕಿತ್ತ ಮೇಲೆ ಫ್ರೆಟ್ ಬುಡದಲ್ಲಿ ಪೇಸ್ಟ್ ಉಳಿದಿರುತ್ತದೆ. ರೋಸ್‌ವುಡ್‌ನ ರಂಧ್ರಗಳಲ್ಲಿ ಹಸಿರು, ಮೇಪಲ್ ಮೇಲೆ ಕಪ್ಪು ಕಲೆ. ನ್ಯಾಫ್ತಾ ತಾಗಿಸಿದ ಹತ್ತಿಕಡ್ಡಿಯಿಂದ ತೆಗೆಯಿರಿ, ಹತ್ತಿರ ಬೆಂಕಿ ಇಲ್ಲದ ಕಡೆ, ಕಿಟಕಿ ತೆರೆದು. ನೀರು ಸುರಿಯುವುದು ಬೇಡ, ಮರ ಉಬ್ಬುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

ಸ್ಟೇನ್‌ಲೆಸ್ ಫ್ರೆಟ್ ತಂತಿಯನ್ನು ಬೇಗ ಸವೆಸುತ್ತದೆಯೇ? ಗಟ್ಟಿ ಲೋಹಕ್ಕೆ ಉಜ್ಜಿದರೆ ಮೆತ್ತಗಿನದು ಸವೆಯುವುದು ಸಹಜ. ಸುತ್ತು ತಂತಿಗಳ ಹೊರ ಸುತ್ತು ಫ್ರೆಟ್ ತಾಗುವ ಕಡೆ ಚಪ್ಪಟೆಯಾಗುವುದನ್ನು ಲೂಪ್‌ನಲ್ಲಿ ನೋಡಬಹುದು. ಒರಟು ಫ್ರೆಟ್ ಮಾತ್ರ ಅರದಂತೆಯೇ ಕೆಲಸ ಮಾಡುತ್ತದೆ. ತಂತಿ ಒಂದೇ ಫ್ರೆಟ್‌ನ ಜಾಗದಲ್ಲಿ ಪದೇ ಪದೇ ಹರಿಯುತ್ತಿದ್ದರೆ ತಂತಿಯನ್ನು ಬೈಯುವ ಮೊದಲು ಆ ಫ್ರೆಟ್‌ಗೆ ಲೂಪ್ ಹಿಡಿಯಿರಿ.

ಪಾಲಿಶ್ ಆದ ಮೇಲೂ ಒಂದೆರಡು ಫ್ರೆಟ್‌ನಲ್ಲಿ ತರಿ ಉಳಿದರೆ ಇಡೀ ಸೆಟ್ ಮತ್ತೆ ಮಾಡಬೇಕೆ? ಬೇಡ. ತೆಗೆದಿಟ್ಟ ಹಳೆಯ ಮೊದಲನೇ ತಂತಿಯ ಒಂದು ಗೇಣು ತುಂಡನ್ನು, ತುಕ್ಕಿಲ್ಲದ್ದನ್ನು ನೋಡಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಫ್ರೆಟ್‌ನ ಮೇಲೆ ಬೆಂಡ್ ಮಾಡುವ ದಿಕ್ಕಿಗೆ ಎಳೆಯಿರಿ. ಬೆರಳಿನ ಮೆತ್ತನೆ ತೊಗಲು ನಡುವೆ ಇಲ್ಲದ್ದರಿಂದ ಸಣ್ಣ ತರಿಯೂ ನೇರ ಕೈಗೆ ಬರುತ್ತದೆ. ಮೊದಲ ಫ್ರೆಟ್‌ನಿಂದ ಕೊನೆಯವರೆಗೆ ಹೀಗೆ ನೋಡುತ್ತಾ, ತಡೆದ ಫ್ರೆಟ್‌ನ ಪಕ್ಕಕ್ಕೆ ಒಂದು ಚೂರು ಟೇಪ್ ಅಂಟಿಸಿ. ಆಮೇಲೆ ಟೇಪ್ ಇರುವ ಫ್ರೆಟ್‌ಗಳನ್ನು ಮಾತ್ರ 1000ಕ್ಕೆ ಒಯ್ದು, ಲೂಪ್‌ನಲ್ಲಿ ಅಡ್ಡ ಗೀರು ಕಂಡರೆ ಇನ್ನೊಂದು ಮೆಟ್ಟಿಲು ಹಿಂದಕ್ಕೆ, 800ಕ್ಕೆ ಹೋಗಿ. ಹೊಸ ತಂತಿ ಹಾಕುವುದು ಅದಾದ ಮೇಲೆ.